ಎಂಜಿನ್ ಇಳಿಸೋ ಮೊದಲು ಒಂದು ಪಿನ್ ನೋಡಿ

ನಮ್ಮ ರಸ್ತೆಗಳಲ್ಲಿ ದಶಕಗಟ್ಟಲೆ ಟ್ಯಾಕ್ಸಿಯಾಗಿ, ಸರ್ಕಾರಿ ಕಾರಾಗಿ ಓಡಾಡಿದ ಅಂಬಾಸಿಡರ್‌ಗೆ ಇಂಗ್ಲೆಂಡಿನಲ್ಲಿ ಒಬ್ಬ ಸ್ಟೈಲಾದ ದಾಯಾದಿ ಇದ್ದಾನೆ ಅಂದ್ರೆ ನಂಬ್ತೀರಾ? ಹೆಸರು ಎಂಜಿ. ಹಳೆಯ ಅಂಬಾಸಿಡರ್‌ನ ಪೆಟ್ರೋಲ್ ಎಂಜಿನ್ 1489 ಸಿಸಿಯ ಬಿಎಂಸಿ ಬಿ-ಸೀರೀಸ್. 1955ರಲ್ಲಿ ಬಂದ ಎಂಜಿಎ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದೂ ಇದೇ ಕುಟುಂಬದ 1489 ಸಿಸಿ ಎಂಜಿನ್. ಅದೇ ಎಂಜಿನ್ ಬೆಳೆದು 1798 ಸಿಸಿ ಆಗಿ 1962ರಲ್ಲಿ ಎಂಜಿಬಿಗೆ ಬಂತು. ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್ ಕಾರ್ಖಾನೆಯಲ್ಲಿ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು.

ಇನ್ನೊಂದು ನಂಟೂ ಇದೆ. ಮದ್ರಾಸಿನಲ್ಲಿ ತಯಾರಾಗ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ನೆನಪಿರುವ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ಅದರ ಮೂಲ, ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್. ಆ ಹೆರಾಲ್ಡ್‌ನ ಚಾಸಿಯನ್ನು ಗಿಡ್ಡ ಮಾಡಿ ಕಟ್ಟಿದ್ದೇ ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರು.

ಇದನ್ನೆಲ್ಲ ಈಗ ಯಾಕೆ ಹೇಳ್ತಿದೀನಿ ಅಂದ್ರೆ, ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋದ ನಮ್ಮವರಲ್ಲಿ ಕೆಲವರಿಗೆ ಈ ಕಾರುಗಳ ಹುಚ್ಚು ಹತ್ತಿದೆ. ಕಾರಣಗಳೂ ಇವೆ. ಅಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ವಿನಾಯಿತಿ ಸಿಗುತ್ತದೆ. ಕಾರಿನ ಮೂಲ ಸ್ವರೂಪ ಹೆಚ್ಚು ಬದಲಾಗಿರದಿದ್ದರೆ ಎಂಒಟಿ ಎಂಬ ವಾರ್ಷಿಕ ತಪಾಸಣೆಯೂ ಸಾಮಾನ್ಯವಾಗಿ ಕಡ್ಡಾಯವಲ್ಲ. ಬಿಡಿಭಾಗಗಳೂ ಸಿಗುತ್ತವೆ. ಆದರೆ ತಪಾಸಣೆ ಕಡ್ಡಾಯ ಅಲ್ಲ ಅಂದರೆ ಏನರ್ಥ? ಕಾರು ಸರಿ ಇದೆಯೋ ಇಲ್ಲವೋ ಅಂತ ನೋಡೋ ಜವಾಬ್ದಾರಿ ಪೂರ್ತಿ ನಮ್ಮ ತಲೆಗೇ ಬಂತು ಅಂತ.

ಹಾಗಾಗಿ ಈ ಸಲದ ಅಂಕಣ ಒಂದೇ ಒಂದು ಭಾಗದ ಮೇಲೆ: ಕ್ಲಚ್. ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಅತಿ ಹೆಚ್ಚು ದುಡ್ಡು ಸುಮ್ಮಸುಮ್ಮನೆ ಖರ್ಚಾಗುವ ಜಾಗಗಳಲ್ಲಿ ಇದೂ ಒಂದು.

ಯಾಕಿಷ್ಟು ದುಬಾರಿ?

ಕ್ಲಚ್ ಪ್ಲೇಟ್ ಬೆಲೆಯಿಂದಲ್ಲ. ಅದನ್ನು ತಲುಪೋ ದಾರಿಯಿಂದ.

ಎಂಜಿಬಿಯಲ್ಲಿ ಗೇರ್‌ಬಾಕ್ಸ್ ಒಂದನ್ನೇ ಕೆಳಗಿನಿಂದ ಇಳಿಸೋಕೆ ಆಗಲ್ಲ. ಕ್ಲಚ್ ಬದಲಾಯಿಸಬೇಕಾದರೆ ಎಂಜಿನ್ನನ್ನೇ ಎತ್ತಿ ಹೊರಗೆ ತೆಗೆಯಬೇಕು. ಒಂಟಿಯಾಗಿಯೋ, ಗೇರ್‌ಬಾಕ್ಸ್ ಸಮೇತವೋ. ಅದರ ತಮ್ಮ ಎಂಜಿ ಮಿಡ್ಜೆಟ್‌ನಲ್ಲೂ ಇದೇ ಕಥೆ. ಟ್ರಯಂಫ್‌ನವರು ಬೇರೆ ದಾರಿ ಹಿಡಿದರು. ಸ್ಪಿಟ್‌ಫೈರ್ ಮತ್ತು ಟಿಆರ್6ನಲ್ಲಿ ಸೀಟು ತೆಗೆದು, ನಡುವಿನ ಟನಲ್ ಕವರ್ ಬಿಚ್ಚಿದರೆ ಗೇರ್‌ಬಾಕ್ಸ್ ಕಾರಿನ ಒಳಗಿನಿಂದಲೇ ಹೊರಬರುತ್ತದೆ. ಭಾರ ಎತ್ತೋ ಸೊಂಟಕ್ಕೆ ಶಿಕ್ಷೆ, ಆದರೆ ಎಂಜಿನ್ ಮುಟ್ಟಬೇಕಿಲ್ಲ.

ಎರಡೂ ಕಡೆ ಕೂಲಿಯ ಗಂಟೆಗಳೇ ಬಿಲ್ಲಿನ ದೊಡ್ಡ ಪಾಲು. ಆದ್ದರಿಂದ "ಕ್ಲಚ್ ಹೋಗಿದೆ" ಅನ್ನೋ ಮಾತನ್ನು ಒಪ್ಪೋ ಮೊದಲು ಎರಡು ಪ್ರಶ್ನೆಗೆ ಉತ್ತರ ಬೇಕು. ನಿಜವಾಗಿ ಹೋಗಿರೋದು ಯಾವುದು? ಮತ್ತು ಈ ಕಾರಿನಲ್ಲಿರೋದು ಯಾವ ಕ್ಲಚ್ಚು?

ಕಾಯಿಲೆ ಎರಡು, ಲಕ್ಷಣ ಬೇರೆ ಬೇರೆ

ಕ್ಲಚ್ ಮಾಡೋದು ಸರಳ ಕೆಲಸ. ಎಂಜಿನ್ ಜೊತೆ ತಿರುಗೋ ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟ್ ನಡುವೆ ಕ್ಲಚ್ ಪ್ಲೇಟ್ ಸ್ಯಾಂಡ್‌ವಿಚ್ ಥರ ಸಿಕ್ಕಿಕೊಂಡಿರುತ್ತದೆ. ಪೆಡಲ್ ಒತ್ತಿದಾಗ ಹಿಡಿತ ಬಿಡಬೇಕು, ಬಿಟ್ಟಾಗ ಹಿಡಿಯಬೇಕು. ಅದು ಕೈಕೊಡೋದೂ ಎರಡೇ ರೀತಿ: ಹಿಡಿಯಲ್ಲ, ಇಲ್ಲವೇ ಬಿಡಲ್ಲ.

ಹಿಡಿಯದೇ ಇದ್ದರೆ ಅದು ಸ್ಲಿಪ್. ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿ ಏರು ರಸ್ತೆ ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ತುಳಿಯಿರಿ. ಎಂಜಿನ್ ಸದ್ದು ಏರುತ್ತದೆ, ಆರ್‌ಪಿಎಂ ಮುಳ್ಳು ಮೇಲೆ ಹೋಗುತ್ತದೆ, ಕಾರು ಮಾತ್ರ ಇದ್ದ ವೇಗದಲ್ಲೇ ಇದ್ದರೆ ಸ್ಲಿಪ್ ಆಗ್ತಿದೆ ಅಂತ. ಇದಕ್ಕೆ ಕಾರಣ ಸಾಮಾನ್ಯವಾಗಿ ಒಳಗೇ ಇರುತ್ತದೆ: ಪ್ಲೇಟ್ ಸವೆದಿದೆ, ಇಲ್ಲಾ ಎಣ್ಣೆ ಬಿದ್ದಿದೆ. ಆಗ ಬಿಚ್ಚಲೇಬೇಕು.

ಬಿಡದೇ ಇದ್ದರೆ ಅದು ಡ್ರ್ಯಾಗ್. ಪೆಡಲ್ ಪೂರ್ತಿ ಒತ್ತಿದರೂ ಫಸ್ಟ್ ಗೇರ್ ಬೀಳಲ್ಲ, ರಿವರ್ಸ್ ಹಾಕಿದರೆ ಕರಕರ ಅನ್ನುತ್ತದೆ. ಇದನ್ನು ಪರೀಕ್ಷೆ ಮಾಡೋದು ಸುಲಭ. ಕಾರು ನಿಂತಿರಲಿ, ಎಂಜಿನ್ ನಿಧಾನಕ್ಕೆ ಓಡ್ತಿರಲಿ. ಪೆಡಲ್ ಪೂರ್ತಿ ಒತ್ತಿ, ಐದಾರು ಸೆಕೆಂಡ್ ಕಾದು, ಆಮೇಲೆ ರಿವರ್ಸ್‌ಗೆ ಹಾಕಿ. ಎಂಜಿಬಿಯ ರಿವರ್ಸ್ ಗೇರಿಗೆ ಸಿಂಕ್ರೊಮೆಶ್ ಇಲ್ಲ, ಹಾಗಾಗಿ ಅದು ಸುಳ್ಳು ಹೇಳಲ್ಲ. ಅಷ್ಟು ಹೊತ್ತು ಕಾದ ಮೇಲೂ ಹಲ್ಲು ಕಡಿದರೆ ಕ್ಲಚ್ ಪೂರ್ತಿ ಬಿಡ್ತಿಲ್ಲ.

ಮುಖ್ಯ ವಿಷಯ ಇಲ್ಲಿದೆ. ಡ್ರ್ಯಾಗ್‌ಗೆ ಕಾರಣ ಎಷ್ಟೋ ಸಲ ಕ್ಲಚ್ಚಿನಲ್ಲಿ ಇರೋದೇ ಇಲ್ಲ. ಕಾಲಿನಿಂದ ಕ್ಲಚ್‌ವರೆಗಿನ ದಾರಿಯಲ್ಲಿರುತ್ತದೆ.

ಕಾಲಿನಿಂದ ಕ್ಲಚ್‌ವರೆಗೆ

ಎಂಜಿಬಿಯಲ್ಲಿ ಪೆಡಲ್ ಒಂದು ಸಣ್ಣ ಪಿನ್ ಮೂಲಕ ಮಾಸ್ಟರ್ ಸಿಲಿಂಡರಿನ ರಾಡನ್ನು ತಳ್ಳುತ್ತದೆ. ಈ ಪಿನ್ನಿಗೆ ಕ್ಲೆವಿಸ್ ಪಿನ್ ಅಂತಾರೆ. ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ಪೈಪಿನಲ್ಲಿ ನೂಕುತ್ತದೆ. ಗೇರ್‌ಬಾಕ್ಸ್ ಪಕ್ಕ ಕೂತಿರೋ ಸ್ಲೇವ್ ಸಿಲಿಂಡರ್ ಅದರಿಂದ ತನ್ನ ರಾಡನ್ನು ಹೊರಗೆ ತಳ್ಳುತ್ತದೆ. ಆ ರಾಡ್ ಫೋರ್ಕನ್ನು, ಫೋರ್ಕ್ ರಿಲೀಸ್ ಬೇರಿಂಗನ್ನು, ಬೇರಿಂಗ್ ಸ್ಪ್ರಿಂಗನ್ನು ಒತ್ತುತ್ತದೆ.

ಈ ಸರಪಳಿಯಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಸವೆದರೂ ಕೊನೆಯಲ್ಲಿ ಕ್ಲಚ್ ಬಿಡೋಕೆ ಬೇಕಾದ ಆ ಕೊನೇ ಒಂದೆರಡು ಮಿಲಿಮೀಟರ್ ಸಿಗಲ್ಲ. ಎಂಜಿಬಿಯಲ್ಲಿ ಅಡ್ಜಸ್ಟ್ ಮಾಡೋ ನಟ್ಟೂ ಇಲ್ಲ. ಪ್ಲೇಟ್ ಸವೆತವನ್ನು ಸ್ಲೇವ್ ತಾನೇ ಸರಿದೂಗಿಸಿಕೊಳ್ಳುತ್ತದೆ, ಆದರೆ ಪೆಡಲ್ ಕಡೆಯ ಸವೆತವನ್ನು ಯಾರೂ ಸರಿದೂಗಿಸಲ್ಲ.

ನನ್ನ ಜೊತೆ ಮೆಕ್ಯಾನಿಕಲ್ ಓದಿ, ನನ್ನ ಹಾಗೇ ಕೋಡ್ ಬರೆಯೋಕೆ ಕೂತ ಗೆಳೆಯನೊಬ್ಬ ಈಗ ರೆಡಿಂಗ್‌ನಲ್ಲಿದ್ದಾನೆ. ಅವನದು 1972ರ ಎಂಜಿಬಿ ಜಿಟಿ. ಒಂದು ಶನಿವಾರ ವಿಡಿಯೋ ಕಾಲ್ ಮಾಡಿ, "ಮಗಾ, ಕ್ಲಚ್ ಹೋಯ್ತಂತೆ. ಎಂಜಿನ್ ಇಳಿಸ್ಬೇಕು ಅಂತಿದಾರೆ ಗ್ಯಾರೇಜಿನವರು. ಅವರು ಹೇಳಿದ ರೇಟ್ ನೋಡಿದ್ರೆ ಊರಿಗೆ ಬರೋ ಟಿಕೆಟ್ ಕ್ಯಾನ್ಸಲ್ ಮಾಡ್ಬೇಕು" ಅಂದ. ಅಪ್ಪನ ಅರವತ್ತನೇ ವರ್ಷದ ಶಾಂತಿಗೆ ಬರೋಕೆ ಎತ್ತಿಟ್ಟಿದ್ದ ದುಡ್ಡು ಅದು.

"ಸ್ಲಿಪ್ ಆಗ್ತಿದ್ಯಾ?" ಅಂದೆ.

"ಇಲ್ಲ ಕಣೋ. ಎಳೆತ ಚೆನ್ನಾಗೇ ಇದೆ. ರಿವರ್ಸ್ ಹಾಕಿದ್ರೆ ಮಾತ್ರ ಕರಕರ."

"ಪೆಡಲ್‌ನ ಎರಡು ಮೂರು ಸಲ ಬೇಗ ಬೇಗ ಪಂಪ್ ಮಾಡಿ ಆಮೇಲೆ ಹಾಕಿ ನೋಡು."

ಹಾಕಿದ. ಕರಕರ ಅರ್ಧ ಕಡಿಮೆಯಾಯ್ತು. ಪಂಪ್ ಮಾಡಿದರೆ ಸುಧಾರಿಸುತ್ತೆ ಅಂದ್ರೆ ತೊಂದರೆ ಪ್ಲೇಟಿನಲ್ಲಿರೋ ಸಂಭವ ಕಡಿಮೆ, ಲೈನಿನಲ್ಲಿ ಗಾಳಿ ಇದೆ. ಸವೆದ ಪ್ಲೇಟು ಪಂಪ್ ಮಾಡಿದ್ರೆ ಹೊಸದಾಗಲ್ಲ ಅಲ್ವಾ?

ಆಮೇಲೆ ಜಾಕ್ ಹಾಕಿ, ಕಾರಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಹೆಂಡತಿಯಿಂದ ಪೆಡಲ್ ಒತ್ತಿಸಿ ಸ್ಲೇವ್ ರಾಡ್ ಎಷ್ಟು ಚಲಿಸುತ್ತೆ ಅಂತ ಅಳೆದ. ಅರ್ಧ ಇಂಚು, ಅಂದರೆ 12-13 ಮಿ.ಮೀ. ಬರಬೇಕಾದ ಕಡೆ 9 ಮಿ.ಮೀ. ಬಂತು. ಕೊನೆಗೆ ಪೆಡಲ್ ಬಾಕ್ಸ್ ಮುಚ್ಚಳ ಬಿಚ್ಚಿ ಕ್ಲೆವಿಸ್ ಪಿನ್ ಈಚೆ ತೆಗೆದ. ಪಿನ್ನಿನ ನಡುವೆ ಇಲಿ ಕಡಿದ ಹಾಗೆ ಸವೆದಿತ್ತು, ಪೆಡಲ್‌ನ ತೂತು ಮೊಟ್ಟೆಯಾಕಾರ ಆಗಿತ್ತು.

ತೂತಿಗೆ ಬೆಸುಗೆ ತುಂಬಿ ಮತ್ತೆ ಕೊರೆಸಿ, ಹೊಸ ಪಿನ್ ಹಾಕಿ, ಬ್ರೇಕ್ ಆಯಿಲ್ ಬದಲಾಯಿಸಿ, ಏರ್ ತೆಗೆದ ಮೇಲೆ ರಾಡ್ 13 ಮಿ.ಮೀ. ಚಲಿಸಿತು. ರಿವರ್ಸ್ ಸದ್ದಿಲ್ಲದೆ ಬಿತ್ತು. ಎಂಜಿನ್ ಇದ್ದ ಜಾಗದಲ್ಲೇ ಇತ್ತು. ಅವನು ಶಾಂತಿಗೂ ಬಂದ.

ಗ್ಯಾರೇಜಿನವರು ಮೋಸ ಮಾಡಿದರು ಅಂತ ನಾನು ಹೇಳಲ್ಲ. ಲಕ್ಷಣ ಒಂದೇ ಥರ ಇದ್ದಾಗ ದೊಡ್ಡ ಕಾರಣವೇ ಮೊದಲು ತಲೆಗೆ ಬರೋದು ಸಹಜ. ಆದರೆ ಅಗ್ಗದ ತಪಾಸಣೆ ಮೊದಲು, ದುಬಾರಿ ತಪಾಸಣೆ ಕೊನೆಗೆ ಅನ್ನೋ ಕ್ರಮ ಬಿಟ್ಟರೆ ನಷ್ಟ ಕಾರಿನ ಯಜಮಾನನಿಗೇ.

ಯಾವ ಕ್ಲಚ್ ಅಂತ ಗುರುತಿಸೋದು

ಸರಿ, ನಿಜವಾಗಿಯೂ ಕ್ಲಚ್ಚೇ ಹೋಗಿದೆ ಅಂದ್ಕೊಳ್ಳಿ. ಈಗ ಭಾಗ ತರಿಸಬೇಕು. "1966ರ ಎಂಜಿಬಿಗೆ ಒಂದು ಕ್ಲಚ್ ಸೆಟ್ ಕೊಡಿ" ಅಂದರೆ ಸಾಕಲ್ವಾ? ಸಾಕಾಗಲ್ಲ. ಐವತ್ತು ಅರವತ್ತು ವರ್ಷದ ಕಾರು ಅದು. ಈ ನಡುವೆ ಯಾರ್ಯಾರು ಯಾವ ಎಂಜಿನ್, ಯಾವ ಗೇರ್‌ಬಾಕ್ಸ್ ಕೂರಿಸಿದ್ದಾರೋ ಯಾರಿಗೆ ಗೊತ್ತು?

ಮೊದಲು ಎಂಜಿನ್ ನಂಬರ್ ನೋಡಿ. ಎಂಜಿಬಿಯಲ್ಲಿ ಅದು ಎಂಜಿನ್ ಬ್ಲಾಕಿನ ಬಲಗಡೆ ಒಂದು ತಗಡಿನ ಮೇಲಿರುತ್ತದೆ. 18ಜಿ, 18ಜಿಎ ಅಂತ ಶುರುವಾದರೆ ಮೊದಮೊದಲ ಮೂರು ಬೇರಿಂಗಿನ ಎಂಜಿನ್. 18ಜಿಬಿ ಅಂದರೆ 1964ರ ಕೊನೆಯಲ್ಲಿ ಬಂದ ಐದು ಬೇರಿಂಗಿನದು. 18ಜಿಡಿ ಅಂದರೆ 1967ರಲ್ಲಿ ನಾಲ್ಕೂ ಗೇರಿಗೆ ಸಿಂಕ್ರೊಮೆಶ್ ಇರುವ ಹೊಸ ಗೇರ್‌ಬಾಕ್ಸ್ ಜೊತೆ ಬಂದದ್ದು. 18ವಿ ಅಂದರೆ 1971ರಿಂದ ಮುಂದಿನದು. 1967ರಲ್ಲಿ ಗೇರ್‌ಬಾಕ್ಸ್ ಬದಲಾದಾಗ ಫ್ಲೈವೀಲ್, ಹಿಂದಿನ ಪ್ಲೇಟ್ ಎಲ್ಲವೂ ಬದಲಾದವು. ಹಾಗಾಗಿ ಕಾರಿನ ವರ್ಷಕ್ಕಿಂತ ಎಂಜಿನ್ ಮತ್ತು ಗೇರ್‌ಬಾಕ್ಸ್ ಹೇಳೋದೇ ಸತ್ಯ.

ಕಾರ್ಖಾನೆಯಿಂದ ಹೊರಟಾಗ ಯಾವ ಎಂಜಿನ್ ಇತ್ತು ಅಂತ ತಿಳಿಯಬೇಕಾದರೆ ಗೇಡನ್‌ನಲ್ಲಿರೋ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಿಂದ ಹೆರಿಟೇಜ್ ಸರ್ಟಿಫಿಕೇಟ್ ತರಿಸಬಹುದು. ಅದರ ನಂಬರಿಗೂ ಬ್ಲಾಕಿನ ಮೇಲಿನ ನಂಬರಿಗೂ ತಾಳೆ ಆಗದಿದ್ದರೆ ಎಂಜಿನ್ ಬದಲಾಗಿದೆ ಅಂತ.

ಎರಡನೆಯದು, ಸ್ಪ್ರಿಂಗ್ ಯಾವ ಜಾತಿ? ಕವರ್ ಕೈಗೆ ಬಂದ ಕೂಡಲೇ ಗೊತ್ತಾಗುತ್ತದೆ. ವೃತ್ತಾಕಾರವಾಗಿ ಹಲವು ಸುರುಳಿ ಸ್ಪ್ರಿಂಗ್‌ಗಳು, ನಡುವೆ ಮೂರು ಬೆರಳಿನಂಥ ಲಿವರ್‌ಗಳು ಕಂಡರೆ ಅದು ಹಳೇ ಮಾದರಿ. ಎಂಜಿಎ, ಮೊದಲ ಸ್ಪಿಟ್‌ಫೈರ್‌ಗಳು, ಟ್ರಯಂಫ್ ಟಿಆರ್4ರಲ್ಲಿ ಇದ್ದದ್ದು ಇದು. ಅದರ ಬದಲು ತಟ್ಟೆಯಂಥ ಒಂದೇ ಸ್ಪ್ರಿಂಗ್, ಸುತ್ತ ಸೀಳಿದ ಎಸಳುಗಳು ಇದ್ದರೆ ಅದು ಡಯಾಫ್ರಮ್. ಎಂಜಿಬಿ, ಟಿಆರ್4ಎ, ಟಿಆರ್6ಗಳಲ್ಲಿ ಇದು.

ಡಯಾಫ್ರಮ್ ಯಾಕೆ ಗೆದ್ದಿತು ಅಂದರೆ, ಪ್ಲೇಟ್ ಸವೆದ ಹಾಗೆ ಸುರುಳಿ ಸ್ಪ್ರಿಂಗ್ ಹಿಗ್ಗಿ ಅದರ ಒತ್ತಡ ಇಳಿಯುತ್ತದೆ. ಡಯಾಫ್ರಮ್‌ನಲ್ಲಿ ಹಾಗಲ್ಲ, ಸವೆದರೂ ಒತ್ತಡ ಬಹುಮಟ್ಟಿಗೆ ಉಳಿಯುತ್ತದೆ. ಪೆಡಲ್ಲೂ ಹಗುರ.

ಮೂರನೆಯದು ಅಳತೆ. ಎಂಜಿಬಿ ಪ್ಲೇಟಿನ ವ್ಯಾಸ 8 ಇಂಚು. ಟಿಆರ್6ರದು 8.5 ಇಂಚು. ಸ್ಪಿಟ್‌ಫೈರ್ ಮೊದಲಿಗೆ 6.25 ಇಂಚಿನಿಂದ ಶುರುವಾಗಿ 1500 ಮಾದರಿಗೆ ಬರೋ ಹೊತ್ತಿಗೆ 7.25 ಇಂಚಾಗಿತ್ತು. ಆರು ಸಿಲಿಂಡರಿನ ಎಂಜಿಸಿ, ವಿ8 ಎಂಜಿನ್ ಇರೋ ಎಂಜಿಬಿ ಜಿಟಿಗಳ ಕ್ಲಚ್ಚೇ ಬೇರೆ; ಹೊರಗಿನ ಮೈ ನೋಡಿ ಒಂದೇ ಅಂದ್ಕೊಳ್ಳಬೇಡಿ.

ನಾಲ್ಕನೆಯದು, ಪ್ಲೇಟಿನ ನಡುವಿನ ತೂತಿನ ಹಲ್ಲುಗಳು. ಗೇರ್‌ಬಾಕ್ಸಿನ ಶಾಫ್ಟ್ ಕೂರೋದು ಇಲ್ಲಿ. ವ್ಯಾಸ ಒಂದೇ ಇದ್ದು ಹಲ್ಲಿನ ಲೆಕ್ಕ ಬೇರೆ ಇದ್ದರೆ ಪ್ಲೇಟ್ ಒಳಗೆ ಹೋಗೋದೇ ಇಲ್ಲ. ಹಳೇ ಪ್ಲೇಟನ್ನು ಎಸೆಯೋ ಮೊದಲು ಹಲ್ಲು ಎಣಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಹೊಸದನ್ನು ಶಾಫ್ಟಿನ ಮೇಲೆ ಜಾರಿಸಿ ನೋಡಿದ ಮೇಲೇ ಮುಂದಿನ ಕೆಲಸ.

ಐದನೆಯದು ಸಿಲಿಂಡರಿನ ಒಳವ್ಯಾಸ. ಟ್ರಯಂಫ್ ಟಿಆರ್ ಸಾಲಿನಲ್ಲಿ 0.70 ಇಂಚಿನ ಮಾಸ್ಟರ್ ಸಿಲಿಂಡರೂ ಬಂದಿದೆ, 0.75 ಇಂಚಿನದೂ ಬಂದಿದೆ. ಹೊರಗಿಂದ ಎರಡೂ ಅಣ್ಣತಮ್ಮ. ಆದರೆ ಲೆಕ್ಕ ಹಾಕಿ: ನೂಕೋ ಆಯಿಲ್ ವ್ಯಾಸದ ವರ್ಗಕ್ಕೆ ತಕ್ಕಂತೆ ಇರುತ್ತದೆ. 0.75ರ ವರ್ಗವನ್ನು 0.70ರ ವರ್ಗದಿಂದ ಭಾಗಿಸಿದರೆ ಸುಮಾರು 1.15. ಅಂದರೆ ಅಷ್ಟೇ ಪೆಡಲ್ ಚಲನೆಗೆ ಶೇ. 15ರಷ್ಟು ಹೆಚ್ಚು ಆಯಿಲ್, ಪೆಡಲ್ಲೂ ಅಷ್ಟೇ ಭಾರ. "ಹೊಸ ಮಾಸ್ಟರ್ ಹಾಕಿಸಿದ ಮೇಲೆ ಕ್ಲಚ್ ಬಿಡ್ತಿಲ್ಲ" ಅನ್ನೋ ದೂರಿಗೆ ಇದೂ ಒಂದು ಕಾರಣ ಆಗಬಹುದು.

ದಿನನಿತ್ಯದ ಜೋಪಾನ

ಹಾಫ್ ಕ್ಲಚ್ ಅಭ್ಯಾಸ ಇದ್ದರೆ ಬಿಡಿ. ಸಿಗ್ನಲ್ಲಿನಲ್ಲಿ ಪೆಡಲ್ ಒತ್ತಿ ಹಿಡಿದು ಕೂರೋದನ್ನೂ ಬಿಡಿ. ಎಂಜಿಬಿಯ ರಿಲೀಸ್ ಬೇರಿಂಗ್ ಅಂದರೆ ಈಗಿನ ಕಾರುಗಳ ಥರ ಬಾಲ್ ಬೇರಿಂಗ್ ಅಲ್ಲ. ಅದೊಂದು ಗ್ರಾಫೈಟ್ ಉಂಗುರ. ಒತ್ತಿದಷ್ಟು ಹೊತ್ತೂ ತಿರುಗೋ ಲೋಹಕ್ಕೆ ಉಜ್ಜಿ ಸವೆಯುತ್ತಲೇ ಇರುತ್ತದೆ, ಸ್ಲೇಟಿಗೆ ಉಜ್ಜಿದ ಬಳಪದ ಹಾಗೆ. ನ್ಯೂಟ್ರಲ್‌ಗೆ ಹಾಕಿ ಕಾಲು ತೆಗೆದರೆ ಅದರ ಆಯಸ್ಸು ಹೆಚ್ಚುತ್ತದೆ. ಓಡಿಸುವಾಗಲೂ ಎಡಗಾಲನ್ನು ಪೆಡಲ್ ಮೇಲೆ ಇಟ್ಟುಕೊಳ್ಳಬೇಡಿ.

ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ತೇವ ಸೇರಿದರೆ ಸಿಲಿಂಡರ್ ಒಳಗೆ ತುಕ್ಕು, ತುಕ್ಕಿನಿಂದ ಸೀಲ್ ಹಾಳು. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಡಾಟ್ 4 ಸಾಮಾನ್ಯವಾಗಿ ಸಾಕು. ಡಾಟ್ 5 ಅಂದರೆ ಸಿಲಿಕೋನ್, ಅದನ್ನು ಡಾಟ್ 4 ಜೊತೆ ಬೆರೆಸಬಾರದು. ಡಾಟ್ 5.1 ಹೆಸರಿನಲ್ಲಿ 5 ಇದ್ದರೂ ಡಾಟ್ 4ರ ಜಾತಿಯದೇ. ಎಂಜಿನ್ ಆಯಿಲ್ ತಪ್ಪಿಯೂ ಹಾಕಬೇಡಿ, ರಬ್ಬರ್ ಸೀಲುಗಳು ಊದಿಕೊಂಡು ಕೆಡುತ್ತವೆ. ಬ್ರೇಕ್ ಆಯಿಲ್ ಪೇಂಟಿಗೂ ವೈರಿ. ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಆಯಿಲ್ ಮಟ್ಟ ಇಳಿಯುತ್ತಿದ್ದರೆ ಎರಡು ಕಡೆ ನೋಡಿ. ಪೆಡಲ್ ಮೇಲ್ಭಾಗ ಒದ್ದೆ ಇದ್ದರೆ ಮಾಸ್ಟರ್ ಸೋರುತ್ತಿದೆ. ಸ್ಲೇವ್‌ನ ರಬ್ಬರ್ ಟೋಪಿ ಒದ್ದೆ ಇದ್ದರೆ ಸ್ಲೇವ್. ಸುಮ್ಮನೆ ಮೇಲಿಂದ ಆಯಿಲ್ ಸುರಿದುಕೊಂಡು ಹೋಗೋದು ಪರಿಹಾರ ಅಲ್ಲ. ನಡುರಸ್ತೆಯಲ್ಲಿ ಪೆಡಲ್ ನೆಲಕ್ಕೆ ಬಿದ್ದರೆ ಗೇರ್ ಬಿಡಿಸೋಕೇ ಆಗಲ್ಲ.

ಎಂಜಿಬಿಯಲ್ಲಿ ಏರ್ ತೆಗೆಯೋದು ತಲೆನೋವಿನ ಕೆಲಸ. ಗುಳ್ಳೆ ಮೇಲಕ್ಕೆ ಏರುತ್ತೆ, ನಾವು ಅದನ್ನು ಕೆಳಕ್ಕೆ ನೂಕ್ತೀವಿ. ಹಾಗಾಗಿ ಹಳೇ ಕೈಗಳು ಉಲ್ಟಾ ಮಾಡುತ್ತಾರೆ: ಸ್ಲೇವ್ ನಿಪ್ಪಲ್ ಕಡೆಯಿಂದ ಆಯಿಲ್ ಮೇಲಕ್ಕೆ ನೂಕುತ್ತಾರೆ. ಮುಂದಿನ ಬ್ರೇಕಿನ ನಿಪ್ಪಲ್‌ನಿಂದ ಸ್ಲೇವ್ ನಿಪ್ಪಲ್‌ಗೆ ಒಂದು ಟ್ಯೂಬ್ ಹಾಕಿ, ಎರಡನ್ನೂ ಸಡಿಲಿಸಿ, ಬ್ರೇಕ್ ಪೆಡಲ್ ನಿಧಾನಕ್ಕೆ ಒತ್ತಿದರೂ ಇದೇ ಕೆಲಸ ಆಗುತ್ತದೆ. ಪೆಡಲ್ ಮೇಲೆ ಬಿಡೋ ಮೊದಲು ನಿಪ್ಪಲ್ ಬಿಗಿಯಾಗಬೇಕು, ಬ್ರೇಕಿನ ಡಬ್ಬಿ ಖಾಲಿಯಾಗಬಾರದು, ಕ್ಲಚ್ಚಿನದು ತುಂಬಿ ಚೆಲ್ಲಬಾರದು. ಸ್ಲೇವ್ ಬಿಚ್ಚಿಟ್ಟಿರುವಾಗ ಮಾತ್ರ ಯಾರೂ ಕ್ಲಚ್ ಪೆಡಲ್ ಒತ್ತಕೂಡದು. ಪಿಸ್ಟನ್ ಹೊರಗೆ ಹಾರಿಬಿಡುತ್ತದೆ.

ಬೆಲ್ ಹೌಸಿಂಗಿನ ಅಡಿಯಲ್ಲಿ ಸಣ್ಣ ತೂತಿನಲ್ಲಿ ಒಂದು ಸ್ಪ್ಲಿಟ್ ಪಿನ್ ನೇತಾಡ್ತಿದ್ದರೆ ಕಿತ್ತು ಬಿಸಾಡಬೇಡಿ. ಒಳಗೆ ಸೋರಿದ ಎಣ್ಣೆ ಹೊರಬರೋಕೆ ಆ ತೂತು. ಕಾರಿನ ಅಲುಗಾಟಕ್ಕೆ ಪಿನ್ ಅಲ್ಲಾಡಿ ತೂತು ಕಟ್ಟದಂತೆ ನೋಡಿಕೊಳ್ಳುತ್ತದೆ. ಅಲ್ಲಿಂದ ಎಣ್ಣೆ ತೊಟ್ಟಿಕ್ಕೋದು ಹೆಚ್ಚಾದರೆ ಪ್ಲೇಟಿನ ಮೇಲೂ ಬೀಳುವ ದಿನ ದೂರವಿಲ್ಲ.

ಇಂಗ್ಲೆಂಡಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಹಾಕುವುದರಿಂದ ಹಲವರು ಈ ಕಾರುಗಳನ್ನು ತಿಂಗಳುಗಟ್ಟಲೆ ಶೆಡ್ಡಿನಲ್ಲೇ ಇಡುತ್ತಾರೆ. ಆಗ ತೇವಕ್ಕೆ ಪ್ಲೇಟು ಫ್ಲೈವೀಲಿಗೆ ಅಂಟಿಕೊಳ್ಳೋದುಂಟು. ಆಗಾಗ ಎಂಜಿನ್ ಸ್ಟಾರ್ಟ್ ಮಾಡಿ, ಪೆಡಲ್ ಒತ್ತಿ, ಕಾರನ್ನು ನಾಲ್ಕು ಅಡಿ ಹಿಂದೆ ಮುಂದೆ ಸರಿಸಿದರೆ ಈ ಕಾಟ ತಪ್ಪುತ್ತದೆ.

ಬಿಚ್ಚಲೇಬೇಕು ಅಂದಾಗ

ಅಷ್ಟು ಕಷ್ಟಪಟ್ಟು ಬಿಚ್ಚಿದ ಮೇಲೆ ಪ್ಲೇಟ್, ಕವರ್, ರಿಲೀಸ್ ಬೇರಿಂಗ್ ಮೂರನ್ನೂ ಹೊಸದೇ ಹಾಕಿ. ಒಂದನ್ನು ಉಳಿಸಿ ಆರು ತಿಂಗಳಿಗೆ ಮತ್ತೆ ಎಂಜಿನ್ ಎತ್ತೋದರಲ್ಲಿ ಜಾಣತನ ಇಲ್ಲ. ಫೋರ್ಕಿನ ಬುಶ್, ಕ್ರ್ಯಾಂಕ್ ತುದಿಯ ಬುಶ್, ಹಿಂದಿನ ಆಯಿಲ್ ಸೀಲ್ ಇವನ್ನೂ ಆಗಲೇ ನೋಡಿಬಿಡಿ. ಫ್ಲೈವೀಲ್ ಮೇಲೆ ಬಿಸಿಗೆ ಬಿಟ್ಟ ಸಣ್ಣ ಬಿರುಕುಗಳಿದ್ದರೆ ಮೆಷಿನ್ ಶಾಪ್‌ಗೆ ಕೊಡಿ. ಪ್ಲೇಟಿಗೆ ಎದುರು ಹಿಂಬದಿ ಇದೆ. ಫ್ಲೈವೀಲ್ ಕಡೆ ಯಾವುದು ಅಂತ ಹೆಚ್ಚಿನವುಗಳ ಮೇಲೆ ಬರೆದಿರುತ್ತದೆ. ತಿರುಗಾಮುರುಗಾ ಹಾಕಿದರೆ ಎಲ್ಲ ಜೋಡಿಸಿದ ಮೇಲೇ ಗೊತ್ತಾಗೋದು.

ಇನ್ನೊಂದು ಮಾತು, ಇದು ದುಡ್ಡಿನದಲ್ಲ, ಎದೆಗೂಡಿನದು. ಹಳೇ ಕ್ಲಚ್ ಲೈನಿಂಗುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಬ್ರಿಟನ್ ಅದನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಹೌಸಿಂಗ್ ಒಳಗಿನ ಕಪ್ಪು ಧೂಳನ್ನು ಬಾಯಿಂದಾಗಲಿ, ಏರ್ ಹೊಡೆದಾಗಲಿ ಊದಬೇಡಿ. ಸರಿಯಾದ ಮಾಸ್ಕ್ ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡಿ.

ಯಾರಾದರೂ "ಕ್ಲಚ್ ಹೋಗಿದೆ, ಎಂಜಿನ್ ಇಳಿಸಬೇಕು" ಅಂದರೆ ಕೇಳಬೇಕಾದ್ದು ಇಷ್ಟೇ: ಸ್ಲಿಪ್ಪಾ, ಡ್ರ್ಯಾಗಾ? ಪಂಪ್ ಮಾಡಿದರೆ ಸುಧಾರಿಸುತ್ತಾ? ಸ್ಲೇವ್ ರಾಡ್ ಎಷ್ಟು ಮಿಲಿಮೀಟರ್ ಚಲಿಸ್ತು? ಕ್ಲೆವಿಸ್ ಪಿನ್ ಹೊರಗೆ ತೆಗೆದು ನೋಡಿದ್ರಾ? ನಾಲ್ಕಕ್ಕೂ ಉತ್ತರ ಇದ್ದರೆ ಆ ಮೆಕ್ಯಾನಿಕ್ಕನ್ನು ನಂಬಿ ಕಾರು ಕೊಡಬಹುದು. ಇಲ್ಲದಿದ್ದರೆ ಒಂದು ಸ್ಕೇಲು, ಒಂದು ಟಾರ್ಚು ಹಿಡಿದು ಈ ಭಾನುವಾರ ನೀವೇ ನೋಡಿ.